ರಸ್ತೆ ಕಡೆಯವರ ಮೇಲೆ ಹಾಕಿದ ಸೋಲು

ಗಿರಿಜಕ್ಕ, ನಿಮ್ಮನ್ನು ಸೋಲಿಸಿದವನು ನಾನು. ಕೊಟ್ಟಿಗೆಹಾರದ ರಸ್ತೆ ಬದಿಯ ಮುಸ್ಲಿಮರಲ್ಲ — ನಾನು.

ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ. ಆದರೂ ಯಾರು ಯಾವ ಪಕ್ಷವೆಂದು ಊರಿಗೇ ಗೊತ್ತು. ನಮ್ಮ ಪಕ್ಷಕ್ಕೆ ಓಟು ಬರುತ್ತಿದ್ದದ್ದು ಎಸ್ಟೇಟಿನವರು ಕಟ್ಟಿಸಿಕೊಟ್ಟ ಲೈನ್‌ಮನೆಗಳ ಕೂಲಿಯವರಿಂದ, ರಸ್ತೆ ಬದಿಯ ಮುಸ್ಲಿಂ ಕುಟುಂಬಗಳಿಂದ, ನನ್ನಂಥ ಸಣ್ಣ ಕಾಫಿ ಬೆಳೆಗಾರರಿಂದ. ಹೊರಗಿನವರಿಗೆ ಎಲ್ಲ ಒಂದೇ ಗುಂಪು. ಒಳಗೆ ಒಬ್ಬರ ಮೇಲೆ ಇನ್ನೊಬ್ಬರಿಗೆ ಗುಮಾನಿ. ಎಲ್ಲರನ್ನೂ ಹಿಡಿದಿಡುವುದು ಬೂತ್ ನೋಡಿಕೊಳ್ಳುತ್ತಿದ್ದ ನನ್ನ ಕೆಲಸ.

ಕಳೆದ ಚುನಾವಣೆಗೆ ಲೈನಿನಿಂದ ಮೊದಲ ಸಲ ನಿಂತವರು ನೀವು. ನಿಮ್ಮವರಿಗೆ ಮನೆ ಕಟ್ಟಲು ಸೈಟು ಕೇಳಿದಿರಿ. ಶಾಲೆಯ ಹಿಂದಿನ ಸರ್ಕಾರಿ ಜಾಗ ಸಾಕು, ಯಾರ ತೋಟವನ್ನೂ ಮುಟ್ಟುವುದಿಲ್ಲ ಎಂದು ನನ್ನ ಜಗಲಿಯಲ್ಲೇ ಕೂತು ಹೇಳಿದ್ದಿರಿ.

ನಾವು ಬೆಳೆಗಾರರೆಲ್ಲ ಒಂದಿಷ್ಟು ಸರ್ಕಾರಿ ಜಾಗ ಒತ್ತುವರಿ ಮಾಡಿದವರೇ — ನಾನೂ. ಓಟಿನ ಹಿಂದಿನ ದಿನ ಪಕ್ಕದ ತೋಟದ ಸುಬ್ಬೇಗೌಡರು ಕೇಳಿದರು: "ಆಯಮ್ಮ ಗೆದ್ರೆ ನಮ್ಮ ಒತ್ತುವರಿಗೇ ಕೈ ಹಾಕ್ತಾಳಂತೆ, ಹೌದಾ?"

ಇಲ್ಲ ಎನ್ನಬೇಕಿತ್ತು. ಅಷ್ಟೇ. ಆದರೆ ನೀವು ಪಂಚಾಯಿತಿಯ ಕುರ್ಚಿಯಲ್ಲಿ, ನಾನು ನಿಮ್ಮೆದುರು ಅರ್ಜಿ ಹಿಡಿದು ನಿಲ್ಲುವುದು ಕಣ್ಣಿಗೆ ಕಟ್ಟಿತು; ಸಹಿಸಲಾಗಲಿಲ್ಲ.

"ಹೇಳಕ್ಕಾಗಲ್ಲ ಮಾರಾಯ್ರೇ," ಎಂದೆ. "ಅವ್ರಿಗೆ ಅವ್ರ ಜನಾನೇ ಮುಖ್ಯ."

ಆ ಮಾತು ತೋಟದಿಂದ ತೋಟಕ್ಕೆ ಹೋಯಿತು. ಬೆಳೆಗಾರರು ನಿಮ್ಮ ಎದುರು ನಿಂತವನಿಗೆ ಓಟು ಹಾಕಿದರು. ನಾನೂ — ಹೌದು, ನಾನೂ ನಿಮಗೆ ಹಾಕಲಿಲ್ಲ.

ಸೋತ ಮೇಲೆ ಯಾರು ಕೈಬಿಟ್ಟರು ಎಂದು ನೀವು ಕೇಳಿದಾಗ "ರಸ್ತೆ ಕಡೆಯೋರು" ಎಂದೆ, ಸಲೀಸಾಗಿ. ನಿಮಗಾಗಿ ಮನೆಮನೆ ತಿರುಗಿದ ಗ್ಯಾರೇಜಿನ ಹಮೀದಣ್ಣನ ಜೊತೆ ನೀವು ಮಾತು ಬಿಟ್ಟಿರಿ. ಅವರ ಮಗಳ ಮದುವೆಗೆ ಲೈನಿನಿಂದ ಒಬ್ಬರೂ ಹೋಗಲಿಲ್ಲ. ನಾನು ಹೋದೆ, ಬಿರಿಯಾನಿ ಉಂಡು ಬಂದೆ. ಗೆದ್ದವನು ಶಾಲೆಯ ಹಿಂದಿನ ಜಾಗಕ್ಕೆ ಬೇಲಿ ಹಾಕಿಸಿಕೊಂಡ.

ಈ ಸಲದ ಚುನಾವಣೆಗೆ ಮತ್ತೆ ನಿಲ್ಲಿ ಎಂದು ನಾನು ಹೇಳಿದಾಗ ನೀವು ನಕ್ಕಿರಿ. "ನಮ್ಮೋರೇ ನಮ್ಗೆ ಹಾಕಲ್ಲ, ಬಿಡಿ ಅಣ್ಣ."

ಮೊನ್ನೆ ಹಮೀದಣ್ಣನಿಗೆ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಆಮೇಲೆ, "ನಂಗೆ ಹೇಳಿ ಏನಾಗ್ಬೇಕು? ಅಕ್ಕಂಗೆ ಹೇಳಿ. ಲೈನಲ್ಲಿ ಎಲ್ರ ಮುಂದೆ ಹೇಳಿ," ಎಂದರು.

ಭಾನುವಾರ ಎಲ್ಲರೂ ಮನೆಯಲ್ಲಿರುವಾಗ ಲೈನಿಗೆ ಬರುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ, ಅಂಗಳದಲ್ಲೇ ನಿಂತು ಹೇಳುತ್ತೇನೆ.