ಕರುವಿನ ಕೊರಳಿಗೆ ಬಿದ್ದ ಬಿಳಿ ಹೂ

ಸೊಸೈಟಿ ಗೇಟಿನಲ್ಲಿ ಹೂ ಮಾರುವ ಭಯ್ಯಾ ಇವತ್ತು ಗುಲಾಬಿಗಳ ನಡುವೆ ಅಕ್ಕಿನುಚ್ಚಿನಂಥ ಬಿಳಿ ಹೂ ಸಿಕ್ಕಿಸುತ್ತಿದ್ದ. ಆ ಘಾಟು ಮೂಗಿಗೆ ಬಡಿದದ್ದೇ, ನೋಯ್ಡಾದ ನಮ್ಮ ಹಳೇ ಬಾಡಿಗೆ ಮನೆಯ ಅಂಗಳ ಕಣ್ಣೆದುರು ಬಂತು.

ಅಂದು ಬಲಿಪಾಡ್ಯಮಿ. ಗೋಪೂಜೆಗೆಂದು ಅಮ್ಮ ಹಾಲಿನವನ ಕರುವನ್ನು ಕರೆಸಿದ್ದಳು. ಚೆಂಡುಹೂ ಸಾಲಲಿಲ್ಲವೆಂದು ಅಪ್ಪ ಪಕ್ಕದ ಖಾಲಿ ಸೈಟಿನಿಂದ ಈ ಹೂ ಕಿತ್ತು ತಂದು ಮಾಲೆಗೆ ಸೇರಿಸಿದ್ದರು. ಬೆಂಗಳೂರಿನ ಗಲ್ಲಿಯಲ್ಲಿ ಬೆಳೆದ ಅವರಿಗೆ ಬೆಳ್ಳಗೆ ಕಂಡದ್ದೆಲ್ಲ ಹೂವೇ. ಆರತಿ ಎತ್ತುವಾಗ ಕರು ಕತ್ತು ತಿರುಗಿಸಿ ಮಾಲೆಯನ್ನೇ ಮೇಯತೊಡಗಿತು.

ಹಬ್ಬಕ್ಕೆಂದು ಹಾಸನದಿಂದ ಬಂದಿದ್ದ ಅಮ್ಮನ ಅಮ್ಮ ಆಗಷ್ಟೇ ಹೊರಗೆ ಬಂದರು. "ಅಯ್ಯೋ ಅಳಿಯಂದಿರೇ, ಅದು ಪಾರ್ಥೇನಿಯಂ! ದನಕ್ಕೆ ವಿಷ!" ಎನ್ನುತ್ತಾ ಕರುವಿನ ಬಾಯೊಳಗೇ ಕೈ ತೂರಿಸಿದರು. ಕರು ಕಚ್ಚಿತು. ಅಜ್ಜಿ ಬಿಡಲಿಲ್ಲ. ಜೊಲ್ಲು, ರಕ್ತ, ಜಗಿದ ಹೂ ಒಟ್ಟಿಗೇ ಹೊರಬಂದವು. ಸಂಜೆ ಹಾಲಿನವನ ಕೊಟ್ಟಿಗೆಯಲ್ಲಿ ಕರು ತಾಯಿಯ ಕೆಚ್ಚಲಿಗೆ ಬಾಯಿ ಹಾಕುವವರೆಗೂ ನಾವ್ಯಾರೂ ಹಬ್ಬದೂಟ ಮುಟ್ಟಲಿಲ್ಲ.

ಆಮೇಲೆ ಪ್ರತಿ ಮಳೆಗಾಲದಲ್ಲೂ ಅಪ್ಪ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ಹೂ ಬಿಡುವ ಮೊದಲೇ ಆ ಗಿಡಗಳನ್ನು ಬೇರುಸಹಿತ ಕೀಳುತ್ತಿದ್ದರು.

"ಅಚ್ಛಾ ಲಗ್ತಾ ಹೈ ನಾ, ಮೇಡಂ?" ಚೆನ್ನಾಗಿ ಕಾಣುತ್ತಲ್ಲವೇ ಎನ್ನುತ್ತಾ ಭಯ್ಯಾ ಮಿಕ್ಕ ಬಿಳಿ ಹೂವಿನ ಕಡ್ಡಿಗಳನ್ನು ರಸ್ತೆಗೆ ಎಸೆದ. ಅಲ್ಲೇ ಕಾದಿದ್ದ ಹಸು ಅದಕ್ಕೆ ಬಾಯಿ ಹಾಕಿತು.

ನನ್ನ ಕೈ ಆಗಲೇ ಅದರ ಬಾಯೊಳಗಿತ್ತು.