ನಾನು ವಶಪಡಿಸಿಕೊಂಡ ಬೆಟ್ಟ

ಒಪ್ಪಿಕೊಂಡುಬಿಡುತ್ತೇನೆ: ನಾನೂ ಒಮ್ಮೆ ಒಂದು ಬೆಟ್ಟವನ್ನು ವಶಪಡಿಸಿಕೊಂಡಿದ್ದೆ. ಹಡಗಿರಲಿಲ್ಲ, ಸೈನ್ಯವಿರಲಿಲ್ಲ; ಕೈಯಲ್ಲೊಂದು ಚೀಟಿ, ಕೊರಳಲ್ಲಿ ಆಸ್ಪತ್ರೆಯ ಗುರುತಿನ ಕಾರ್ಡು, ಅಷ್ಟೆ.

ಕಡಲಾಚೆಯ ಟೌರಂಗಾ ಊರಿನ ಆಸ್ಪತ್ರೆಯ ನಾವು ಕೆಲವು ನರ್ಸುಗಳು ಇಲ್ಲಿಯ ಮೂಲನಿವಾಸಿಗಳಾದ ಮಾವೊರಿಗಳ ಪದ್ಧತಿಯಲ್ಲಿ ಪರಿಚಯ ಹೇಳಿಕೊಳ್ಳಲು ಕಲಿಯುತ್ತಿದ್ದೆವು. ಮೊದಲು ನಿಮ್ಮ ಬೆಟ್ಟ, ಆಮೇಲೆ ನಿಮ್ಮ ನೀರು, ಹಿರಿಯರು, ಹೆಸರು ಕಟ್ಟಕಡೆಗೆ. ಡಿಗ್ರಿಯನ್ನು ಯಾರೂ ಕೇಳುವುದಿಲ್ಲ. ಅಡುಗೆಮನೆಯ ಕಿಟಕಿಯಿಂದ ದಿನಾ ಕಾಣುವ ಮೌವಾವೊ ಬೆಟ್ಟದ ಮೇಲೆ ಅಭಿಮಾನ ಉಕ್ಕಿ, ಅದೇ ನನ್ನ ಬೆಟ್ಟವೆಂದು ಚೀಟಿ ನೋಡಿ ಗಟ್ಟಿಯಾಗಿ ಓದಿದೆ. ಕಲಿಸುತ್ತಿದ್ದ ಮಾವೊರಿ ಆಂಟಿ ನಕ್ಕರು. "ಅದು ನಮ್ಮ ಹಿರಿಯರದು, ಮಗಳೇ. ನಿನ್ನ ಹಿರಿಯರ ಬೆಟ್ಟ ಯಾವುದು? ಮುಂದಿನ ವಾರ ಹೇಳು." ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಟೀ ಹೊತ್ತಿಗೆ ರೋಸಾ ನಕ್ಕೂ ನಕ್ಕೂ ಸುಸ್ತಾದಳು. ನನ್ನ ಜೊತೆಗೇ ಕೆಲಸ ಮಾಡುವ ಇವಳು ಚಿಲಿಯ ಉತ್ತರ ತುದಿಯವಳು, ಅಲ್ಲಿಯ ಆಯ್ಮಾರ ಮೂಲನಿವಾಸಿಗಳ ಮಗಳು. "ಸ್ಪೇನಿನವರೂ ಹೀಗೇ ಕಣೇ! ದಡಕ್ಕಿಳಿದು ಒಂದು ಕಾಗದ ಓದುತ್ತಿದ್ದರು. ಓದಿ ಮುಗಿಸುವಷ್ಟರಲ್ಲಿ ನೆಲ ಅವರ ರಾಜನದಾಗಿರುತ್ತಿತ್ತು." ಸ್ಪೇನಿನವರು ಹೋದ ಮೇಲೆ ಹುಟ್ಟಿದ ಹೊಸ ದೇಶಗಳು ಗೆರೆ ಎಳೆದುಕೊಂಡವು, ಜಗಳವಾಡಿ ಅಳಿಸಿ ಮತ್ತೆ ಎಳೆದವು. ಪೆರುವಿನಲ್ಲಿ ಹುಟ್ಟಿದ ಅವಳ ಮುತ್ತಜ್ಜಿ ಮನೆ ಬದಲಿಸದೆಯೇ ಚಿಲಿಯವಳಾದಳಂತೆ. ಅವರು ಪೂಜಿಸುವ ಬೆಟ್ಟ ಗಡಿಯಾಚೆ ಉಳಿಯಿತು. ಈಗ ಹತ್ತಿರ ಹೋಗಿ ಕೈಮುಗಿಯಲು ಕಾಗದಪತ್ರ ತೋರಿಸಬೇಕು. ಇದನ್ನು ಹೇಳುವಾಗ ರೋಸಾ ನಗಲಿಲ್ಲ.

ಆ ವಾರವೆಲ್ಲ ಔಷಧಿಯ ಟ್ರಾಲಿ ತಳ್ಳುತ್ತ ಬೆಟ್ಟಗಳ ಕನಸು ಕಂಡೆ. ಗಡಿಗಳು ಮೋಡದ ನೆರಳಿನಂತೆ ಅವುಗಳ ಮೇಲೆ ಹಾದುಹೋಗುತ್ತಿದ್ದವು. ಅಳುಕೂ ಇತ್ತು: ಬಿಟ್ಟುಬಂದವಳು 'ನನ್ನ ಬೆಟ್ಟ' ಅನ್ನಬಹುದೇ? ಬಳ್ಳಾರಿಯಲ್ಲಿರುವ ಅವ್ವನಿಗೆ ಫೋನ್ ಮಾಡಿ, ನಮ್ಮಜ್ಜಿ ಯಾವ ರಾಜ್ಯದವಳೆಂದು ಕೇಳಿದೆ.

"ಹುಟ್ಟಿದಾಗ ಮದರಾಸು, ಆಮ್ಯಾಲೆ ಮೈಸೂರು, ಸಾಯೋವಾಗ ಕರ್ನಾಟಕ. ಆಕಿ ಮಾತ್ರ ಗುಡ್ಡದ ಬುಡ ಬಿಟ್ಟು ಎಲ್ಲಿಗೂ ಹೋಗಲಿಲ್ಲವ್ವ."

"ನಾನು ಬಂದುಬಿಟ್ಟೆನಲ್ಲ ಅವ್ವ."

"ಹೋದ್ರೇನಾತು? ಗುಡ್ಡ ನಿನ್ನ ಬ್ಯಾಡ ಅಂತೇನರ ಅಂದೈತೇನು?"

ಮುಂದಿನ ವಾರ ಚೀಟಿಯಿಲ್ಲದೆ ಬಳ್ಳಾರಿ ಗುಡ್ಡದ ಹೆಸರು ಹೇಳಿದೆ. ನನ್ನ ನಂತರ ರೋಸಾ ಎದ್ದು ಗಡಿಯಾಚೆಯ ತನ್ನ ಬೆಟ್ಟದ ಹೆಸರು ಹೇಳಿದಳು. ಅದು ಯಾವ ದೇಶದಲ್ಲಿದೆ ಎಂದು ಆಂಟಿ ಕೇಳಲಿಲ್ಲ. ಎಷ್ಟು ಎತ್ತರ ಎಂದು ಕೇಳಿದರು. ರೋಸಾ ಕೈ ಮೇಲೆತ್ತಿದಳು. ಚಾವಣಿ ಅಡ್ಡ ಬಂತು.

"ಹೊರಗೆ ಬಂದು ತೋರಿಸು" ಎನ್ನುತ್ತ ಆಂಟಿ ಬಾಗಿಲು ತೆರೆದರು.