ಹೃದಯದ ಡಾಕ್ಟರ ಮುಂದೆ ಬಸ್ಕಿ

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಹೊಸೂರಿನಲ್ಲಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಕನ್ನಡ, ತಮಿಳು ಎರಡರಲ್ಲೂ ಚರ್ಚಾಸ್ಪರ್ಧೆ ಗೆದ್ದು ಗೆದ್ದು, ಮನೆಯಲ್ಲಿ ಉಪ್ಪಿಟ್ಟು ಚೆನ್ನಾಗಿದೆ ಎಂದರೂ ‘ಪುರಾವೆ ಎಲ್ಲಿ?’ ಎಂದು ಕೇಳುವ ಮಟ್ಟಕ್ಕೆ ತಲುಪಿದ್ದೆ.

ಅದೇ ಸಮಯಕ್ಕೆ ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಯಿತು. ಒಮ್ಮೆ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಕಣ್ಣಿಗೆ ಕತ್ತಲೆ ಬಂದು ಕುಸಿದು ಕೂತಳು. ನಮ್ಮ ಬೀದಿಯ ಡಾಕ್ಟರು ಎದೆಯಲ್ಲಿ ಏನೋ ಶಬ್ದ ಕೇಳಿಸುತ್ತಿದೆ, ಹೃದಯದ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ಚೀಟಿ ಓದಿ ನಾನು ತೀರ್ಪು ಕೊಟ್ಟೆ: “ನೀನು ಸರಿಯಾಗಿ ಊಟ ಮಾಡಲ್ಲ, ಅಷ್ಟೆ. ಹುಡುಕಿದ್ರೆ ಯಾರ ಎದೆಯಲ್ಲಾದ್ರೂ ಏನಾದ್ರೂ ಶಬ್ದ ಸಿಗುತ್ತೆ.”

ಅಮ್ಮನಿಗೆ ಮೊದಲೇ ಆಸ್ಪತ್ರೆ ಎಂದರೆ ಆಗದು. ಖುಷಿಯಿಂದ ಸೋತಳು. ಯಾರು ವಿಚಾರಿಸಿದರೂ, “ಏನೂ ಇಲ್ವಂತೆ, ನನ್ ಮಗನೇ ಹೇಳವ್ನೆ” ಎನ್ನುತ್ತಿದ್ದಳು. ಹೀಗೆ ಮೂರು ತಿಂಗಳು ನಾನು ಗೆಲ್ಲುತ್ತಲೇ ಇದ್ದೆ.

ಹತ್ತಿರದ ತಳಿ ಊರಿನಿಂದ ಬೀನ್ಸ್ ಹೊತ್ತು ಬಂದ ಸೋದರಮಾವ ತನ್ನ ಅಕ್ಕನ ಮುಖ ನೋಡಿ ನನ್ನ ಮೇಲೆ ಹರಿಹಾಯ್ದ. “ಮಂಜಾ, ಧೈರ್ಯ ಇದ್ರೆ ಆ ಡಾಕ್ಟ್ರ ಹತ್ರ ಹೋಗಿ ವಾದ ಮಾಡ್ಲಾ! ನಮ್ ಹತ್ರ ಗೆದ್ರೆ ಏನ್ ಬಂತು?” ಸವಾಲು ಹಾಕಿದ ಮೇಲೆ ಮುಗಿಯಿತು. ಮರುದಿನವೇ ಅಮ್ಮನನ್ನು ಕರೆದುಕೊಂಡು ಹೊರಟೆ.

ಹೃದಯದ ಡಾಕ್ಟರು ನಡುವಯಸ್ಸಿನ ತಮಿಳು ಹೆಂಗಸು. ಅಮ್ಮನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಒಮ್ಮೆ ಕುಕ್ಕರಗಾಲಲ್ಲಿ ಕೂತು ಎದ್ದರೆ ಶಬ್ದ ಹೇಗೆ ಬದಲಾಗುತ್ತದೆ ಎಂದು ಅವರಿಗೆ ನೋಡಬೇಕಿತ್ತು. ಅದನ್ನು ಕನ್ನಡದಲ್ಲಿ ಹೇಳಲು ತಡಕಾಡಿ, “ತೋಪ್ಪುಕರಣಂ ಪೋಡುಂಗಮ್ಮಾ” ಎಂದುಬಿಟ್ಟರು. ಅದು ಪಿಳ್ಳೆಯಾರ್, ಅಂದರೆ ಗಣಪನ ಗುಡಿಯಲ್ಲಿ ಕಿವಿ ಹಿಡಿದು ಹೊಡೆಯುವ ಬಸ್ಕಿ!

ಅಮ್ಮ ಚಪ್ಪಲಿ ಬಿಟ್ಟಳು. ಸೆರಗು ಸಿಕ್ಕಿಸಿದಳು. ಕೈ ಅಡ್ಡ ಹಾಕಿ ಎರಡೂ ಕಿವಿ ಹಿಡಿದು, ಗೋಡೆಯ ಮೇಲಿದ್ದ ಹೃದಯದ ಚಿತ್ರಕ್ಕೆ ಮುಖ ಮಾಡಿ ಭಕ್ತಿಯಿಂದ ಬಸ್ಕಿ ಹೊಡೆದಳು. ಸ್ಟೆತಸ್ಕೋಪ್ ಹಿಡಿದ ಡಾಕ್ಟರೂ ಅವಳ ಜೊತೆಯಲ್ಲೇ ಕೂತು ಎದ್ದರು.

“ಕಿವಿ ಬಿಡಿಮ್ಮಾ! ಒಂದೇ ಸಾಕು!”

“ಒಂದಕ್ಕೆ ಯಾವ ದೇವ್ರು ಒಪ್ತಾನೆ ಡಾಕ್ಟ್ರೆ? ಮೂರಾದ್ರೂ ಬ್ಯಾಡ್ವಾ?”

ಡಾಕ್ಟರು ಅವಳ ತೋಳು ಹಿಡಿದು ಕೂರಿಸಿದರು. ಎದ್ದ ಕೂಡಲೇ ಶಬ್ದ ಜಾಸ್ತಿಯಾಯಿತು, ಹೃದಯದ ಮಾಂಸಖಂಡ ದಪ್ಪ ಆಗಿರಬಹುದು, ಇವತ್ತೇ ಎಕೋ ಸ್ಕ್ಯಾನ್ ಮಾಡಬೇಕು ಎಂದರು. ಅಮ್ಮ ನನ್ನ ಮುಖ ನೋಡಿದಳು. ಬೇಡ ಅಂತ ಹೇಳು ಮಗಾ ಎನ್ನುವ ನೋಟ.

ನಾನು ಎದ್ದು ನಿಂತೆ. “ಮೇಡಂ, ಬಸ್ಕಿ ಹೊಡೆದ್ರೆ ಯಾರ ಎದೆಯಾದ್ರೂ ಶಬ್ದ ಮಾಡುತ್ತೆ. ಬೇಕಾದ್ರೆ ನನ್ನದು ನೋಡಿ.”

“ವಾಪ್ಪಾ” ಎಂದು ಕರೆದರು.

ನಾನು ಕಿವಿ ಹಿಡಿಯದೆ, ವೈಚಾರಿಕವಾಗಿ ಕೂತು ಎದ್ದೆ. “ಕಿವಿ ಹಿಡ್ಕಳ್ಲಾ!” ಎಂದು ಅಮ್ಮ ಗದರಿದಳು. ಡಾಕ್ಟರು ಮತ್ತೊಮ್ಮೆ ಕೂರಿಸಿ ಎಬ್ಬಿಸಿದರು. ಅವರ ಮುಖದ ನಗು ಹೋಗಿತ್ತು.

“ನಿನ್ನಲ್ಲೂ ಕೇಳಿಸ್ತಿದೆ.”

“ನೋಡಿದ್ರಾ!” ಮೇಜು ಕುಟ್ಟಿದೆ. “ಯಾರಲ್ಲಾದ್ರೂ ಕೇಳಿಸುತ್ತೆ ಅಂತ ಹೇಳ್ಲಿಲ್ವಾ?”

“ಯಾರಲ್ಲಾದ್ರೂ ಅಲ್ಲಪ್ಪಾ. ನಿಮ್ಮ ಮನೆಯವರಲ್ಲಿ.”

ನನ್ನ ಕೈ ಮೇಜಿನ ಮೇಲೇ ಉಳಿಯಿತು. ಅವರು ಅಮ್ಮನ ಅಪ್ಪನ ಬಗ್ಗೆ ಕೇಳಿದರು. “ಬಾವಿ ತಾವ ನಿಂತಂಗೇ ಬಿದ್ದು ಹೋಗ್ಬುಟ್ರು. ಇನ್ನೂ ಚಿಕ್ ವಯಸ್ಸು. ಗಾಳಿ ಸೋಕ್ತು ಅಂದ್ರು” ಎಂದಳು ಅಮ್ಮ. ಆ ಗಾಳಿಯ ಕಥೆಯನ್ನು ನಾನು ಎಂಟನೇ ತರಗತಿಯಲ್ಲೇ ಖಂಡಿಸಿದ್ದೆ. ಹಾಗಾದರೆ ತಾತ ಸತ್ತದ್ದು ಯಾವುದರಿಂದ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

“ನಂದು ಹಾಳಾಗ್ಲಿ, ಮೊದ್ಲು ಇವನ್ಗೆ ಮಾಡಿ” ಎಂದು ಅಮ್ಮ ಎದ್ದಳು.

“ನೀನು ಮಾಡಿಸ್ಕೊಂಡ್ರೆ ಮಾತ್ರ ನಾನು” ಎಂದೆ. ನನ್ನ ಜೀವನದಲ್ಲೇ ಅತಿ ಚಿಕ್ಕ ವಾದ ಅದು. ಅಮ್ಮ ತಕ್ಷಣ ಒಪ್ಪಿದಳು.

ಇಬ್ಬರಿಗೂ ಎಕೋ ಆಯಿತು. ಇಬ್ಬರಿಗೂ ಅದೇ ಕಾಯಿಲೆ. ನನ್ನದು ಸ್ವಲ್ಪವೇ; ಅಮ್ಮನದು ಜಾಸ್ತಿ, ಪಕ್ಕದ ವಾಲ್ವ್ ಕೂಡ ದಪ್ಪಗಾದ ಗೋಡೆಯ ಕಡೆಗೆ ಎಳೆದುಕೊಂಡು ಸೋರುತ್ತಿತ್ತು.

“ದಪ್ಪ ಆದ್ರೆ ಗಟ್ಟಿ ಅಂತ ತಾನೆ?” ನನ್ನ ಕೊನೆಯ ಪ್ರಯತ್ನ.

“ತೋಳು ದಪ್ಪ ಆದ್ರೆ ಸರಿ. ಮನೆ ಗೋಡೆ ಒಳಗಡೆಗೇ ದಪ್ಪ ಆಗ್ತಾ ಹೋದ್ರೆ ನೀವೆಲ್ಲಿ ಕೂತ್ಕೋತೀರಾ?” ಎಂದರು ಡಾಕ್ಟರು.

ಅಮ್ಮನಿಗೆ ದಿನವೂ ಮಾತ್ರೆ, ಇಬ್ಬರಿಗೂ ಆಗಾಗ ತಪಾಸಣೆ, ನನಗೆ ಕಬಡ್ಡಿ ಬಂದ್ ಎಂದು ಬರೆದರು. ಅಮ್ಮ ಆಸೆಯಿಂದ ಬಗ್ಗಿ, “ವಾದ ಮಾಡೋದ್ನೂ ಬಿಡ್ಬೇಕು ಅಂತ ಸೇರ್ಸಿ ಬರೀರಿ” ಎಂದಳು.

“ಅದಕ್ಕೆ ಔಷಧಿ ಇಲ್ಲಮ್ಮಾ” ಎಂದರು ಅವರು.

ಈಗ ಅಮ್ಮ ಮೆಟ್ಟಿಲನ್ನು ಆರಾಮಾಗಿ ಹತ್ತುತ್ತಾಳೆ. ನಾನು ಈಗಲೂ ಪುರಾವೆ ಕೇಳುತ್ತೇನೆ, ಕೊಟ್ಟರೆ ನೋಡುತ್ತೇನೆ ಕೂಡ. ಆದರೆ ಮೂರು ತಿಂಗಳು ಗೆದ್ದ ಆ ವಾದವನ್ನು ಇನ್ನೊಂದಷ್ಟು ದಿನ ಗೆದ್ದಿದ್ದರೆ ಎಂದು ನೆನೆದಾಗಲೆಲ್ಲ ಬೆವರುತ್ತೇನೆ. ಗುಡಿಗೆ ಹೋದಾಗ ಅಮ್ಮ ಒಂದೇ ಬಸ್ಕಿ ಹೊಡೆದು, “ಡಾಕ್ಟ್ರು ಒಂದೇ ಸಾಕು ಅಂದವ್ರೆ ಕಣಪ್ಪಾ” ಎಂದು ಗಣಪನಿಗೇ ಸಮಜಾಯಿಷಿ ಕೊಡುತ್ತಾಳೆ. ಪಕ್ಕದಲ್ಲಿ ನಿಂತ ನಾನು ಗಣಪನ ಬಗ್ಗೆ ಏನೂ ವಾದ ತೆಗೆಯುವುದಿಲ್ಲ. ಅವಳು ಪೂರ್ತಿ ಎದ್ದು ನಿಲ್ಲುವವರೆಗೆ ಅವಳನ್ನೇ ನೋಡುತ್ತಿರುತ್ತೇನೆ.